ಅಳಿಯನ ಕೈ

ಆ ಗುರುವಾರ ನನ್ನ ಅತ್ತಿಗೆ ಒಲಿವಾ ಬಂದಾಗ ನನ್ನ ಕತ್ತಿನ ಮೇಲಿನ ಎಣ್ಣೆ ಇನ್ನೂ ಆರಿರಲಿಲ್ಲ. ಕ್ಲಿನಿಕ್ಕಿನಲ್ಲಿ ಮಾಲೀಶು ಮಾಡಿಸಿಕೊಂಡು ಆಗಷ್ಟೇ ಮನೆಗೆ ಬಂದು, ಹೊಲಿಗೆ ಯಂತ್ರದ ಮುಂದೆ ಕೂತು, ಯಾರದೋ ಮದುವೆಯ ಬೀಗಿತಿಯೊಬ್ಬಳು ಉಡುವ ಗೋಮೆಸಿ ನಿಲುವಂಗಿಯ ಚೂಪು ತೋಳನ್ನು ಕತ್ತರಿಸುತ್ತಿದ್ದೆ. ನನಗೆ ಅಂಥ ಬೆಳಿಗ್ಗೆ ವಾರಕ್ಕೊಂದು ಸಿಗುತ್ತಿತ್ತು. ಕತ್ತರಿ ಹಿಡಿದರೆ ಬೆರಳು ಉರಿಯುತ್ತಿರಲಿಲ್ಲ. ಯಂತ್ರ ತುಳಿದರೆ ಸೊಂಟ ಶಾಪ ಹಾಕುತ್ತಿರಲಿಲ್ಲ.

ಒಲಿವಾ ನನ್ನ ಗಂಡ ಕಿಜಿತೊನ ಅಕ್ಕ, ನನ್ನ ಮಗಳು ರೆಸ್ಟಿಗೆ ಸೋದರತ್ತೆ. ನಮ್ಮಲ್ಲಿ ಹುಡುಗಿ ತನ್ನ ಮದುವೆಯ ಮಾತನ್ನು ಹೆತ್ತವಳ ಮುಂದೆ ಎತ್ತುವುದಿಲ್ಲ. ಸೋದರತ್ತೆಯ ಕಿವಿಗೆ ಹಾಕುತ್ತಾಳೆ, ಸೋದರತ್ತೆ ಅದನ್ನು ಮನೆಗೆ ತರುತ್ತಾಳೆ. ಕೆಲಸದ ದಿನ ಒಲಿವಾ ಚರ್ಚಿಗೆ ಹೋಗುವ ಚಪ್ಪಲಿ ಮೆಟ್ಟಿ ನಗುತ್ತಾ ಬಂದದ್ದನ್ನು ನೋಡಿಯೇ ಅರ್ಧ ವಿಷಯ ತಿಳಿಯಿತು. ನಮ್ಮ ಪದ್ಧತಿಯಂತೆ ನಾನು ಚಾಪೆಯ ಮೇಲೆ ಮೊಣಕಾಲೂರಿ ಅವಳನ್ನು ಮಾತಾಡಿಸಿದೆ.

"ಅರೆ, ಇವತ್ತು ಮೊಣಕಾಲು ಬಗ್ತಾ ಇದೆ!" ಅಂದಳು. "ಹೋದ ಸಲ ನೋವು ನೋವು ಅಂತ ನಿಂತುಕೊಂಡೇ ಮಾತಾಡಿಸಿದ್ದೆ. ಬೇಕಾದಾಗ ಬರುತ್ತೆ, ಬೇಡವಾದಾಗ ಹೋಗುತ್ತೆ. ಇಂಥ ನೋವು ನಂಗೂ ಒಂದು ಕೊಡಿಸು ಪಸ್ಕಾಜಿಯಾ."

"ಕೂತ್ಕೊಳ್ಳಿ ಅತ್ತಿಗೆ. ಬಾಗಿಲಲ್ಲೇ ಶುರು ಮಾಡಬೇಡಿ."

ಈ ನೋವಿನ ಸಮಾಚಾರ ಹೇಳಿಬಿಡುತ್ತೇನೆ. ಐದು ವರ್ಷದ ಹಿಂದೆ ಶುರುವಾಯಿತು. ಮೊದಲು ಹೆಗಲು, ಆಮೇಲೆ ಸೊಂಟ, ಆಮೇಲೆ ಇಂಥ ಕಡೆ ಅಂತ ಇಲ್ಲ. ಒರಳಿಗೆ ಹಾಕಿದ ಕಡಲೆಕಾಯಿಯ ಹಾಗೆ ಮೈಯನ್ನೆಲ್ಲ ಯಾರೋ ಕುಟ್ಟಿ ಇಟ್ಟಂತೆ ಇರುತ್ತಿತ್ತು. ನಿದ್ದೆ ಮಾಡಿ ಎದ್ದರೆ ಮಾಡದಿದ್ದವಳಿಗಿಂತ ಹೆಚ್ಚು ಸುಸ್ತು. ರಕ್ತ ನೋಡಿದರು, ಎಲುಬಿನ ಚಿತ್ರ ತೆಗೆದರು. ಎಲ್ಲ ಸರಿ ಇದೆ ಅಂದರು. ಸರಿ ಇದೆ ಅಂದವರ ಮುಖಕ್ಕೆ ಆ ಚಿತ್ರ ಎಸೆದು ಬಂದೆ. ಮಾಟ ಅಂದರು ನೆರೆಯವರು. ಸೋಮಾರಿತನ ಅಂದಳು ಒಲಿವಾ. ಕೊನೆಗೆ ನಮ್ಮೂರಾಚೆಯ ಚರ್ಚಿನ ಸಿಸ್ಟರುಗಳ ಕ್ಲಿನಿಕ್ಕಿಗೆ ಬಂದ ಡಾಕ್ಟರಮ್ಮ ಮೈಯ ಮೇಲೆ ಅಲ್ಲಲ್ಲಿ ಬೆರಳಿಟ್ಟು, ನಾನು ಕಿರುಚಿದ್ದನ್ನೆಲ್ಲ ಕೇಳಿ, ಇದರ ಹೆಸರು ಫೈಬ್ರೊಮಯಾಲ್ಜಿಯಾ ಅಂದಳು. ಇದು ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಸುಳ್ಳೂ ಅಲ್ಲ ಅಂದಳು. ಸುಳ್ಳಲ್ಲ ಎಂಬ ಆ ಒಂದು ಮಾತಿಗೆ ನಾನು ಅಲ್ಲೇ ಅತ್ತುಬಿಟ್ಟೆ. ಮಾತ್ರೆ ಕೊಟ್ಟಳು, ದಿನಾ ನಡೆಯಲು ಹೇಳಿದಳು. ಆಮೇಲೆ ಪಕ್ಕದ ಕೋಣೆಗೆ ಕಳಿಸಿದಳು. ಅಲ್ಲಿ ಮಾಲೀಶು ಮಾಡುವ ಹುಡುಗ ಇದ್ದ. ಮವಾಂಡಾ.

ಮಾಲೀಶು ನನಗೆ ಹೊಸದಲ್ಲ. ನಮ್ಮ ಕಡೆ ಮಾಲೀಶು ಅಂದರೆ ಮುದುಕಿಯರು ಮೈಮೇಲೆ ಹತ್ತಿ ಕೂತು ತಿಕ್ಕುವುದು. ನೋವಾಗದಿದ್ದರೆ ಕೆಲಸವೇ ಆಗಿಲ್ಲ ಅಂತ ಲೆಕ್ಕ. ಮವಾಂಡಾ ಹಾಗಲ್ಲ. ಮೊದಲ ದಿನ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬೆನ್ನಿಗೆ ಹಾಕಿ ಸುಮ್ಮನೆ ಕೂತ. ಆಮೇಲೆ ಎಣ್ಣೆ ಹಚ್ಚಿದ ಅಂಗೈಯನ್ನು ಇಟ್ಟ, ಅಷ್ಟೇ. "ಹೇಗಿದೆ ಅಮ್ಮಾ?" ಅಂತ ಕೇಳಿದ. ಹೇಗಿದ್ದೀರಿ ಅಂತ ಕೇಳಿದವರಿಗೆ ಚೆನ್ನಾಗಿದ್ದೇನೆ ಅನ್ನಬೇಕು, ಮನೆಯಲ್ಲಿ ಹೆಣ ಇದ್ದರೂ ಮೊದಲು ಹಾಗನ್ನಬೇಕು. ಚೆನ್ನಾಗಿದೆ ಮಗಾ ಅಂದೆ. ಅವನು ಕೊಂಚ ಕೊಂಚವೇ ಭಾರ ಹಾಕಿದ, ನಾನು ಹಲ್ಲು ಕಚ್ಚಿಕೊಂಡು ಚೆನ್ನಾಗಿದೆ ಚೆನ್ನಾಗಿದೆ ಅನ್ನುತ್ತಾ ಹೋದೆ. ಮಾರನೆ ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಎದ್ದ ಮೇಲೆ ಮೊದಲು ಮಾಡಿದ ಕೆಲಸ ಅವನನ್ನು ಬೈದು ಬಂದದ್ದು.

"ನಾನು ಕೇಳ್ದೆ, ನೀವು ಚೆನ್ನಾಗಿದೆ ಅಂದ್ರಿ," ಅಂದ ಅವನು. "ಬೆನ್ನಿಗೆ ನಾನು ಏನಾದ್ರೂ ಮಾಡಬಲ್ಲೆ ಅಮ್ಮಾ. ಮರ್ಯಾದೆಗೆ ಸುಳ್ಳು ಹೇಳೋ ಬಾಯಿಗೆ ನನ್ನ ಹತ್ರ ಎಣ್ಣೆ ಇಲ್ಲ."

ಆವತ್ತಿನಿಂದ ನಿಜ ಹೇಳಲು ಕಲಿತೆ. ಇಲ್ಲಿ ಬೇಡ, ಅಲ್ಲಿ ಇನ್ನೂ ಹಗುರ, ಸಾಕು ತೆಗಿ ಕೈ. ಅವನು ಒಂದು ಸಲವೂ ಮುಖ ಸಿಂಡರಿಸಲಿಲ್ಲ. ಮಳೆಗಾಲ ಒಂದು ಕಳೆಯುವ ಹೊತ್ತಿಗೆ ಗುರುವಾರದ ಬೆಳಿಗ್ಗೆಗಳು ನನ್ನವಾದವು. ಆ ರಾತ್ರಿ ನಿದ್ದೆ ಬರುತ್ತಿತ್ತು, ಶುಕ್ರವಾರವೂ ಹೇಗೋ ನಡೆಯುತ್ತಿತ್ತು. ಹೊಲಿಗೆ ಮತ್ತೆ ಕೈಗೆ ಬಂತು. ನನ್ನನ್ನು ಬಾಡಿಗೆಯ ಬೋಡಾ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಕರೆತರುತ್ತಿದ್ದದ್ದು ರೆಸ್ಟಿ. ನನ್ನ ಬೆನ್ನಿನ ಕೆಲಸ ಮುಗಿಯುವವರೆಗೆ ಅವಳು ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಕೂತು ಏನು ಮಾಡುತ್ತಿದ್ದಳು ಅಂತ ನಾನು ಕೇಳಿರಲಿಲ್ಲ.

ಒಲಿವಾಗೆ ಚಹಾ ಕೊಟ್ಟೆ. ನಾನೂ ಒಂದು ಲೋಟ ಹಿಡಿದು ಕೂತೆ.

"ಹುಡುಗಿ ನಂಗೆ ಒಂದು ಹೆಸರು ಹೇಳಿದ್ದಾಳೆ," ಅಂದಳು ಒಲಿವಾ. "ವಿಚಾರಿಸಿದ್ದೀನಿ. ಕುಲ ಬೇರೆ, ಹಾಗಾಗಿ ಅಡ್ಡಿ ಇಲ್ಲ. ಕುಡಿಯೋದಿಲ್ಲ. ಲ್ವೆಂಗೊ ಕಡೆ ಅವರದ್ದು ಸ್ವಂತ ತೋಟ ಇದೆ. ಇಲ್ಲೇ ಸಿಸ್ಟರುಗಳ ಕ್ಲಿನಿಕ್ಕಲ್ಲಿ ಕೆಲಸ. ಮವಾಂಡಾ ಅಂತ."

ನನ್ನ ಕೈಯ ಲೋಟ ತಟ್ಟೆಯ ಮೇಲೆ ಕಟಕಟ ಸದ್ದು ಮಾಡಿತು.

"ಯಾಕೆ ನಡುಗ್ತಾ ಇದ್ದೀಯ?" ಒಲಿವಾ ಮೂಗು ಮುಂದೆ ಮಾಡಿದಳು. "ಏನಿದು ಎಣ್ಣೆ ವಾಸನೆ?"

"ಮಾಲೀಶಿನದು."

"ಎಲ್ಲಿ ಮಾಡಿಸ್ಕೊಂಡೆ?"

"ಕ್ಲಿನಿಕ್ಕಲ್ಲಿ."

"ಯಾರು ಮಾಡಿದ್ರು?"

ನಾನು ಕತ್ತಿನ ಎಣ್ಣೆ ಒರೆಸಿಕೊಂಡೆ. ಅವಳು ಲೋಟ ಕೆಳಗಿಟ್ಟಳು.

"ಕತ್ತಿಗೆ ಮಾತ್ರ ತಾನೇ?"

"ಬೆನ್ನಿಗೂ."

"ಬೆನ್ನು ಅಂದ್ರೆ ಎಲ್ಲಿವರೆಗೆ?"

"ನೀವೇನು ಪೊಲೀಸರಾ ಅತ್ತಿಗೆ?"

ಒಲಿವಾ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಗೋಳಾಡಿದ್ದು ಮೂರನೇ ಮನೆಗೂ ಕೇಳಿಸಿರಬೇಕು. ಅವಳ ಗೋಳಿಗೆ ಕಾರಣ ಇತ್ತು. ನಮ್ಮಲ್ಲಿ ಅತ್ತೆ, ಅಳಿಯ ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ಒಂದು ಚಾಪೆಯ ಮೇಲೆ ಕೂರುವಂತಿಲ್ಲ. ದಾರಿಯಲ್ಲಿ ಎದುರಾದರೆ ಅಳಿಯನಾದವನು ದಾರಿ ಬಿಟ್ಟು ಇಳಿಯಬೇಕು. ತಪ್ಪಿದರೆ ಒಬುಕೊ ಬರುತ್ತದೆ. ಕೈ ನಡುಗುತ್ತದೆ, ತಲೆ ನಡುಗುತ್ತದೆ, ಸಾಯುವವರೆಗೆ ಅದು ನಿಲ್ಲುವುದಿಲ್ಲ. ನಮ್ಮ ಅಜ್ಜಿಯ ತಂಗಿಗೆ ಬಂದಿತ್ತು. ಅವಳು ಅನ್ನದ ತುತ್ತನ್ನು ಬಾಯಿಗೆ ತರುವಷ್ಟರಲ್ಲಿ ಅರ್ಧ ಮಡಿಲಿಗೆ ಬೀಳುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ.

"ಇದಕ್ಕೇ ನಿನ್ನ ಮೈ ನೋವು!" ಅಂದಳು ಒಲಿವಾ. "ಈಗ ಅರ್ಥ ಆಯ್ತು! ಇದು ಒಬುಕೊ!"

"ಐದು ವರ್ಷದ ಹಿಂದೆ ಬಂದ ನೋವು. ಆಗ ಆ ಹುಡುಗನ ಮುಖಾನೇ ನೋಡಿರಲಿಲ್ಲ. ಹುಟ್ಟದ ಅಳಿಯ ಬಂದು ಮುಟ್ಟಿದ್ನಾ?"

"ಬರೋದು ಮೈಗೆ ಮೊದಲೇ ಗೊತ್ತಾಗಿರುತ್ತೆ."

ಇಂಥವಳ ಹತ್ತಿರ ಏನು ವಾದ. ಆದರೂ ಅವಳು ಹೋದ ಮೇಲೆ ನಾನು ಕೈ ಚಾಚಿ ಬೆರಳುಗಳನ್ನು ನೋಡಿಕೊಂಡೆ. ನಡುಗುತ್ತಿದ್ದವು. ಸಿಟ್ಟಿಗೆ ಅಂದುಕೊಂಡೆ. ಮತ್ತೆ ನೋಡಿದೆ. ಕತ್ತರಿ ಹಿಡಿದೆ, ಬಟ್ಟೆ ಸೊಟ್ಟ ಹೋಯಿತು. ಎದ್ದೆ. ಕೂತೆ. ಮತ್ತೆ ಎದ್ದು ಬಾಗಿಲಿಗೆ ಹೋದೆ.

ರೆಸ್ಟಿ ಒಂದು ಪುಟ್ಟ ಶಾಲೆಯಲ್ಲಿ ಎಳೆಯ ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ. ಅವಳು ಮಧ್ಯಾಹ್ನ ಮನೆಗೆ ಬಂದು ಚೀಲ ಕೆಳಗಿಡುವುದಕ್ಕೂ ಬಿಡಲಿಲ್ಲ ನಾನು.

"ಊರಲ್ಲಿ ಬೇರೆ ಗಂಡಸರೆಲ್ಲ ಸತ್ತು ಹೋಗಿದ್ರಾ?"

ಅವಳು ನನ್ನ ಮಗಳೇ. "ಊರಲ್ಲಿ ಬೇರೆ ಮಾಲೀಶಿನೋರೆಲ್ಲ ಸತ್ತು ಹೋಗಿದ್ದಾರಾ?" ಅಂದಳು.

"ಹೌದು, ಸತ್ತಿದ್ದಾರೆ! ನಂಗಿರೋನು ಅವನೊಬ್ಬನೇ!"

"ನಂಗೂ ಒಬ್ಬನೇ ಅಮ್ಮಾ."

ಕೈಗೆ ಸಿಕ್ಕಿದ್ದು ಅಳತೆ ಟೇಪು. ಅದನ್ನೇ ಬೀಸಿದೆ. ಅವಳು ತಪ್ಪಿಸಿಕೊಂಡಳು, ನನ್ನ ಹೆಗಲು ಚುರುಕ್ ಅಂತು. ಕಿಜಿತೊ ಅಂಗಳದಲ್ಲಿ ಕಾಫಿ ಹಣ್ಣು ಹರವುತ್ತಿದ್ದವನು ಕಿಟಕಿಯಲ್ಲಿ ತಲೆ ಹಾಕಿದ. "ನೀವಿಬ್ರೂ ತೀರ್ಮಾನ ಮಾಡ್ಕೊಂಡು ನಂಗೆ ಹೇಳಿ," ಅಂದ. "ಮೋಡ ಬರ್ತಾ ಇದೆ, ನಂಗೆ ಕೆಲಸ ಇದೆ." ನನ್ನ ಗಂಡ ಇಪ್ಪತ್ತಾರು ವರ್ಷದಿಂದ ಹೀಗೆಯೇ. ಆದರೆ ಒಂದು ಮಾತು. ಹುಡುಗನ ಕಡೆಯವರು ಬಂದರೆ ಹೂಂ ಅನ್ನಬೇಕಾದವನು ಅವನು, ನನ್ನ ಮುಖ ನೋಡದೆ ಅವನು ಹೂಂ ಅನ್ನುವವನಲ್ಲ. ಇದು ರೆಸ್ಟಿಗೂ ಗೊತ್ತಿತ್ತು. ನನ್ನ ಬಾಯಿಂದ ಬೇಡ ಅಂತ ಬಂದರೆ ಮದುವೆ ಇಲ್ಲ.

ಬೇಡ ಅನ್ನಲು ನನಗೆ ಆಸೆಯಾಗುತ್ತಿತ್ತು. ಹುಡುಗನಲ್ಲಿ ಐಬು ಹುಡುಕಿದೆ. ಕುಳ್ಳ ಅಂದುಕೊಂಡೆ, ಅವನು ಕುಳ್ಳನಲ್ಲ. ಹೆಂಗಸರ ಮೈ ಮುಟ್ಟುವ ಕೆಲಸ ಅಂದುಕೊಂಡೆ. ಆ ಕೈ ಎಂಥದ್ದು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಗಳಿಗೆ ಗಂಡನಾಗುವುದಕ್ಕೆ ಅದಕ್ಕಿಂತ ಒಳ್ಳೆ ಗುಣಪತ್ರ ಇನ್ನೇನು ಬೇಕು? ಹೀಗೆ ಅನ್ನಿಸಿದಾಗ ಇನ್ನೂ ಸಿಟ್ಟು ಬರುತ್ತಿತ್ತು.

ಮುಂದಿನ ಗುರುವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ನೋವು ಹಳೆಯ ಬಾಡಿಗೆದಾರನ ಹಾಗೆ ಪಾತ್ರೆಪಗಡೆ ಸಮೇತ ವಾಪಸ್ಸು ಬಂತು. ಮಲಗಿದರೆ ಹೊದಿಕೆ ಭಾರ, ಎದ್ದರೆ ಅಂಗಾಲು ಉರಿ. ಯಂತ್ರದ ಮುಂದೆ ಕೂತರೆ ಹೊರಗೆ ಹೋಗಬೇಕು ಅನ್ನಿಸುತ್ತಿತ್ತು, ಹೊರಗೆ ಹೋದರೆ ಒಳಗೆ ಬರಬೇಕು ಅನ್ನಿಸುತ್ತಿತ್ತು. ಬೀಗಿತಿಯ ಗೋಮೆಸಿ ಒಂದೇ ತೋಳಿನಲ್ಲಿ ನೇತಾಡುತ್ತಿತ್ತು. ಅವಳು ಬಂದು ಕೇಳಿದಳು, ನಾನು ಬೈದೆ. ಬೇರೆ ದರ್ಜಿ ಹುಡುಕಿಕೊಂಡು ಹೋದಳು.

ರೆಸ್ಟಿ ತಾನೇ ತಿಕ್ಕುತ್ತೇನೆ ಅಂತ ಬಂದಳು. ಅವಳ ಕೈ ನನ್ನ ಮೈ ಮೇಲೆ ಕಾದ ಹೆಂಚಿನ ಮೇಲಿನ ಬೆರಳಿನ ಹಾಗೆ ಓಡಾಡುತ್ತಿತ್ತು. ನಾನು ಉಸಿರು ಎಳೆದರೆ ಸಾಕು, ಹಿಂದೆ ಸರಿಯುತ್ತಿದ್ದಳು. "ಬಿಡು, ನಿಂಗೆ ಆಗಲ್ಲ," ಅಂದೆ. ಆಮೇಲೆ ಪೇಟೆಯ ಸಲೂನಿನಲ್ಲಿ ತಲೆ ಹೆಣೆಯುವ ಹೆಂಗಸೊಬ್ಬಳು ಮಾಲೀಶನ್ನೂ ಮಾಡುತ್ತಾಳೆ ಅಂತ ಕೇಳಿ ಅವಳ ಹತ್ತಿರ ಹೋದೆ. ಎತ್ತಿನ ತೊಡೆಯಂಥ ತೋಳು. "ನೋವನ್ನ ನೋವಿಂದಲೇ ಓಡಿಸ್ಬೇಕು ಅಮ್ಮಾ," ಅಂದಳು. ನಾನೂ ಮತ್ತೆ ಹಳೇ ಚಾಳಿಗೆ ಬಿದ್ದೆ, ಪರಕೀಯಳ ಮುಂದೆ ಏನು ಕಿರುಚುವುದು ಅಂತ ಚೆನ್ನಾಗಿದೆ ಅಂದೆ. ಅಲ್ಲಿಂದ ಮನೆಗೆ ಬರುವಾಗ ಬೋಡಾದವನು ಒಂದೊಂದು ಹಳ್ಳಕ್ಕೆ ಇಳಿಸಿದಾಗಲೂ ಅವನ ಏಳು ತಲೆಮಾರನ್ನು ಬೈದೆ. ಹಾಸಿಗೆಗೆ ಬಿದ್ದವಳಿಗೆ ಕೂದಲು ಬಾಚಿದರೂ ತಲೆಯ ಚರ್ಮ ನೋಯುತ್ತಿತ್ತು.

ಹಾಸಿಗೆಯಲ್ಲಿ ಬಿದ್ದಿದ್ದಾಗ ಒಂದು ಉಪಾಯ ಹೊಳೆಯಿತು. ಹುಡುಗ ತನ್ನ ಜನರೊಂದಿಗೆ ಕಾಣಿಕೆಯ ಬುಟ್ಟಿ ಹೊತ್ತು ನಮ್ಮ ಅಂಗಳಕ್ಕೆ ಬಂದು, ಒಲಿವಾ ಅವನನ್ನು ಗುರುತಿಸಿ ತೋರಿಸುವ ಶಾಸ್ತ್ರ ಆಗುವವರೆಗೆ ಅವನು ಅಳಿಯನಲ್ಲ. ಅಳಿಯನಲ್ಲದವನು ಮುಟ್ಟಿದರೆ ಒಬುಕೊ ಎಲ್ಲಿಂದ ಬಂತು? ಹಾಗಾದರೆ ಶಾಸ್ತ್ರವನ್ನು ಒಂದು ವರ್ಷ ತಳ್ಳಿದರಾಯಿತು. ಸಾಧ್ಯವಾದರೆ ಎರಡು ವರ್ಷ. ಅಷ್ಟರಲ್ಲಿ ಯಾರು ಇರುತ್ತಾರೋ ಯಾರು ಸಾಯುತ್ತಾರೋ. ಈ ಯೋಚನೆ ಬಂದದ್ದೇ ಎದ್ದು ಶಾಲು ಹೊದ್ದು, ಯಾರಿಗೂ ಹೇಳದೆ ನಡೆದೇ ಕ್ಲಿನಿಕ್ಕಿಗೆ ಹೊರಟೆ.

ಕ್ಲಿನಿಕ್ಕಿನ ದಾರಿ ಕೊನೆಯಲ್ಲಿ ಏರು. ಎರಡೂ ಕಡೆ ದಟ್ಟ ಬೇಲಿ, ಅದರಾಚೆ ಬಾಳೆತೋಟ. ಏರಿನ ಮೇಲಿಂದ ಮವಾಂಡಾ ಇಳಿದು ಬರುತ್ತಿದ್ದ. ನನ್ನನ್ನು ಕಂಡ. ಓಡಿ ಬಂದು ಕೈ ಹಿಡಿದು ಒಳಗೆ ಕರೆದೊಯ್ಯುತ್ತಿದ್ದ ಹುಡುಗ ಅವನು. ಈಗ ನನ್ನನ್ನು ಕಂಡದ್ದೇ ಬೇಲಿಯ ಸಂದಿನಲ್ಲಿ ನುಗ್ಗಿ, ಬಾಳೆಯ ಬುಡದಲ್ಲಿ ನನಗೆ ಬೆನ್ನು ತೋರಿಸಿ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ನನ್ನ ಉಪಾಯ ಅಲ್ಲೇ ಮಣ್ಣಾಯಿತು. ಶಾಸ್ತ್ರ ಆಗಲಿ ಬಿಡಲಿ, ಅವನ ಮನಸ್ಸಿನಲ್ಲಿ ನಾನು ಆಗಲೇ ಅತ್ತೆ.

"ಏಳೋ!" ಅಂತ ಕೂಗಿದೆ.

ಅವನು ಇನ್ನಷ್ಟು ಕುಗ್ಗಿ ಕೂತ.

"ತಿಂಗಳುಗಟ್ಟಲೆ ನನ್ನ ಬೆನ್ನು ನೋಡಿದೋನು, ಈಗ ಮುಖ ನೋಡೋಕೆ ನಾಚಿಕೆನಾ?"

"ಅಮ್ಮಾ, ದಯವಿಟ್ಟು ಮುಂದೆ ಹೋಗಿ. ಯಾರಾದ್ರೂ ನೋಡ್ತಾರೆ."

"ನೋಡ್ಲಿ! ಯಾವಾಗಿಂದ ನಡೀತಿದೆ ಇದು?"

"ಎರಡು ತಿಂಗಳಾಯ್ತು ಮಾತು ಆಗಿ."

"ಎರಡು ತಿಂಗಳು! ಹಾಗಾದ್ರೆ ಗೊತ್ತಿದ್ದೂ ಮುಟ್ಟಿದೆ ನನ್ನ!"

"ಪ್ರತಿ ಬುಧವಾರ ಅಂದ್ಕೋತಿದ್ದೆ, ನಾಳೆ ಹೇಳ್ಬಿಡ್ತೀನಿ ಅಂತ. ಗುರುವಾರ ನೀವು ಬಂದು ಈ ವಾರ ಇಷ್ಟು ಹೊಲಿದೆ, ಇಷ್ಟು ದೂರ ನಡೆದೆ ಅಂತ ಹೇಳೋರು. ನಂಗೆ ಬಾಯಿ ಬರ್ತಿರಲಿಲ್ಲ. ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರಿ. ನಿಲ್ಲಿಸಿದ್ರೆ ನಿಮ್ಮ ಗತಿ ಏನಾಗುತ್ತೆ ಅಂತ ನಂಗೆ ಗೊತ್ತಿತ್ತು."

ಬೈಕಿನಲ್ಲಿ ಬಾಳೆಗೊನೆ ಹೇರಿಕೊಂಡು ಹೋಗುತ್ತಿದ್ದವನೊಬ್ಬ ನಿಧಾನ ಮಾಡಿದ. "ಏನಮ್ಮಾ, ಬೇಲಿ ಏನು ಅನ್ಯಾಯ ಮಾಡ್ತು?"

"ನಿನ್ನ ಗೊನೆ ಬೀಳುತ್ತೆ, ಮುಂದೆ ನೋಡ್ಕೊಂಡು ಹೋಗು!"

ಅವನು ಹೋದ. ನಾನು ದಾರಿಯ ದಿಬ್ಬದ ಮೇಲೆ ಬೇಲಿಗೆ ಬೆನ್ನು ಹಾಕಿ ಕೂತೆ. ಈಗ ನಮ್ಮಿಬ್ಬರ ಬೆನ್ನೂ ಒಂದನ್ನೊಂದು ನೋಡುತ್ತಿದ್ದವು, ಮಧ್ಯೆ ಬೇಲಿ.

"ಅಮ್ಮಾ," ಅಂದ ಅವನು, "ನೀವು ಬಾ ಅಂದ್ರೆ ಈಗಲೇ ಎದ್ದು ಬಂದು ಕೈ ತೊಳ್ಕೋತೀನಿ. ಮೊದಲಿನ ಹಾಗೆ ಪ್ರತಿ ಗುರುವಾರ ಮಾಡ್ತೀನಿ. ಆದ್ರೆ ಆಮೇಲೆ ನಿಮ್ಮನೆ ಅಂಗಳಕ್ಕೆ ಬುಟ್ಟಿ ಹೊತ್ಕೊಂಡು ಬರಲ್ಲ. ಎರಡನ್ನೂ ಮಾಡೋ ಧೈರ್ಯ ನಂಗಿಲ್ಲ. ರೆಸ್ಟಿಗೂ ಹೇಳಿದ್ದೀನಿ."

"ಅವಳೇನಂದ್ಲು?"

"ಅಮ್ಮನ್ನ ಕೇಳು ಅಂದ್ಲು. ಅತ್ಲು."

ಬಾ ಅನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದೇ ಅಕ್ಷರ. ಅಂದರೆ ಆ ರಾತ್ರಿ ನಿದ್ದೆ ಬರುತ್ತಿತ್ತು. ನೋವು ಇಲ್ಲದವರಿಗೆ ಇದು ತಿಳಿಯುವುದಿಲ್ಲ. ಹೆತ್ತ ತಾಯಿಯಾಗಿ ಹಾಗೆ ಯೋಚಿಸಿದಳಾ ಅಂತ ಕೇಳುವವರು ಒಂದು ವಾರ ನನ್ನ ಮೈಯಲ್ಲಿ ಇದ್ದು ನೋಡಲಿ, ಆಮೇಲೆ ಕೇಳಲಿ. ನಾನು ಬಾಯಿ ತೆರೆದೆ. ಆಗ ಕಣ್ಣ ಮುಂದೆ ಬಂದದ್ದು ರೆಸ್ಟಿಯ ಮುಖವಲ್ಲ. ನಾನೇ ಬಂದೆ. ಆ ಮಂಚದ ಮೇಲೆ ಬೋರಲು ಮಲಗಿದ್ದೇನೆ, ಬೆನ್ನ ಮೇಲೆ ಆ ಕೈ, ಹೊರಗಿನ ಬೆಂಚಿನ ಮೇಲೆ ಯಾರೂ ಇಲ್ಲ. ಅವನು ಹೇಗಿದೆ ಅಂತ ಕೇಳುತ್ತಾನೆ. ಏನಂತ ಹೇಳಲಿ?

"ಯಾರಿಗಾದ್ರೂ ಕಲಿಸು," ಅಂದೆ, ಬೈದ ಹಾಗೆ. "ಆ ನಿನ್ನ ಸುಟ್ಟ ಕೈ ಒಂದೇನಾ ಲೋಕದಲ್ಲಿ ಇರೋದು?"

"ರೆಸ್ಟಿಗೆ ಹೇಳಿಕೊಟ್ಟೆ."

"ಅವಳ ಕೈಲಿ ಆಗಲಿಲ್ಲ."

"ಅವಳು ನಿಮಗೆ ಹೆದರ್ತಾಳೆ. ಹೆದರಿದ ಕೈ ನಿಲ್ಲಲ್ಲ. ಹೊರಗಿನೋರಿಗೆ ಕಲಿಸಿದ್ರೆ ನೀವು ಮರ್ಯಾದೆಗೆ ಚೆನ್ನಾಗಿದೆ ಅಂತೀರಿ, ಅವರು ಇನ್ನೂ ಒತ್ತುತ್ತಾರೆ. ನಿಮಗೆ ಹೆದರದೇ ಇರೋರು ಬೇಕು. ನೀವೂ ಮುಖ ಮುರಿದು ಬೈಯೋಕೆ ಹಿಂದೆಮುಂದೆ ನೋಡದೇ ಇರೋರು ಬೇಕು."

ಅಂಥವಳು ಈ ಭೂಮಿಯ ಮೇಲೆ ಒಬ್ಬಳೇ ಇದ್ದಳು.

"ಅವಳು ನನ್ನ ಕೊಂದೇ ಬಿಡ್ತಾಳೆ," ಅಂದೆ.

"ಯಾರಮ್ಮಾ?"

"ನಿನ್ನ ಹೆಂಡತಿ ಆಗೋಳ ಸೋದರತ್ತೆ."

ಬೇಲಿಯಾಚೆ ಅವನು ನಕ್ಕದ್ದು ಕೇಳಿಸಿತು. ನಗು ಕೇಳಿ ನನಗೆ ಕಲ್ಲು ಎತ್ತಿ ಹಾಕಬೇಕು ಅನ್ನಿಸಿತು.

ಒಲಿವಾಳನ್ನು ಒಪ್ಪಿಸಲು ನಾನು ಹೋಗಲಿಲ್ಲ, ರೆಸ್ಟಿಯನ್ನು ಕಳಿಸಿದೆ. ಸೋದರತ್ತೆಗೆ ಈ ಮದುವೆ ನಿಂತರೆ ಅದಕ್ಕಿಂತ ಅವಮಾನ ಬೇರೆ ಇಲ್ಲ. ಹುಡುಗನ ಹೆಸರನ್ನು ಆಗಲೇ ಮಾರುಕಟ್ಟೆಯ ಅರ್ಧ ಹೆಂಗಸರಿಗೆ ಹೇಳಿಯಾಗಿತ್ತು. ಭಾನುವಾರ ಚರ್ಚಿನ ಪೂಜೆ ಮುಗಿಸಿ, ತೋಳು ಮಡಚಿಕೊಂಡು ಬಂದಳು.

"ನಿನ್ನ ಸೋಮಾರಿತನಕ್ಕೆ ನಾನು ಎಣ್ಣೆ ಹಚ್ಚಬೇಕಂತೆ. ಮಲಕ್ಕೋ."

ಕಿಟಕಿಗೆ ಪರದೆ ಎಳೆದೆವು. ಮವಾಂಡಾ ಹಿತ್ತಲ ಹಲಸಿನ ಮರದ ಕೆಳಗೆ ಮನೆಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತ. ಕಿಜಿತೊ ಕಾವಲಿಗೆ ಅಂತ ಪಕ್ಕದಲ್ಲಿ ಕೂತು ಕಾಫಿ ಬೀಜ ಆರಿಸತೊಡಗಿದ. ರೆಸ್ಟಿ ಬಿಸಿ ಬಟ್ಟೆ ತಂದುಕೊಟ್ಟು ಅಡುಗೆಮನೆಗೆ ಹೋದಳು.

ಒಲಿವಾ ಕೈ ಹಾಕಿದ್ದೇ ನಾನು ಮನೆ ಹಾರುವಂತೆ ಕೂಗಿದೆ. "ಏನು ಮಟೊಕೆ ಬಾಳೆಕಾಯಿ ಹಿಸುಕ್ತಾ ಇದ್ದೀರಾ? ಬಿಡಿ!"

"ಇನ್ನೂ ಮುಟ್ಟೇ ಇಲ್ಲ ನಾನು!"

"ಒಲಿವಾ ಅತ್ತೆ," ಅಂತು ಪರದೆಯಾಚೆಯ ದನಿ, "ಕೈಯ ಭಾರ ಎಷ್ಟಿದೆಯೋ ಅಷ್ಟೇ ಸಾಕು. ಒತ್ತಬೇಡಿ. ಅಂಗೈ ಇಟ್ಟು ಸುಮ್ನೆ ಬಿಡಿ."

"ಕೈ ಇಟ್ಟು ಸುಮ್ನಿದ್ರೆ ಅದು ಮಾಲೀಶು ಹೇಗಾಗುತ್ತಪ್ಪಾ? ಆಶೀರ್ವಾದ ಆಗುತ್ತೆ. ಅದಕ್ಕೆ ಫಾದರ್ ಇದ್ದಾರೆ."

ಕಿಜಿತೊ ನಕ್ಕ. ಕೆಮ್ಮಿ ಮುಚ್ಚಿಕೊಂಡ.

"ಆಶೀರ್ವಾದಾನೇ ಮಾಡಿ ಅತ್ತೆ. ಸ್ವಲ್ಪ ಹೊತ್ತು. ಅವರ ಉಸಿರು ನೋಡ್ತಾ ಇರಿ. ಉಸಿರು ಹಿಡಿದ್ರೆ ಅದು ಜಾಸ್ತಿ ಆಯ್ತು ಅಂತ."

ಒಲಿವಾ ಗೊಣಗುತ್ತಾ ಎಡ ಹೆಗಲ ಮೇಲೆ ಅಂಗೈ ಇಟ್ಟಳು. ಬಟ್ಟೆ ಒಗೆದು, ಗುದ್ದಲಿ ಹಿಡಿದು ಒರಟಾದ ಅಂಗೈ. ಸುಮ್ಮನಿರುವುದು ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಆದರೂ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ ಅವಳ ಗೊಣಗಾಟ ನಿಂತಿತು.

"ಇಲ್ಲೇನೋ ಎಗರ್ತಾ ಇದೆ," ಅಂದಳು.

"ಇರುತ್ತೆ."

"ಕಟ್ಟಿಹಾಕಿದ ಆಡಿನ ಮೈ ನಡುಗಿದ ಹಾಗೆ ಇದೆ. ನಾನಿನ್ನೂ ಒತ್ತೇ ಇಲ್ಲ ಪಸ್ಕಾಜಿಯಾ."

"ಗೊತ್ತು."

"ಯಾವಾಗ್ಲೂ ಹೀಗೇನಾ?"

"ಯಾವಾಗ್ಲೂ."

ಅವಳು ಕೈ ತೆಗೆಯಲಿಲ್ಲ.

"ಹೇಳೋಕೇನಾಗಿತ್ತು ನಿಂಗೆ?" ಅಂದಳು ಕೊನೆಗೆ.

"ನೂರು ಸಲ ಹೇಳಿದ್ದೆ!"

"ಕೂಗಾಡ್ತಾ ಹೇಳಿದ್ದೆ. ಹಂಗೆ ಕೂಗಾಡೋ ಶಕ್ತಿ ಇರೋರಿಗೆ ನೋವಿದೆ ಅಂದ್ರೆ ಯಾರು ನಂಬ್ತಾರೆ? ನಮ್ಮಮ್ಮ ನೋವಿದ್ದಾಗ ಗೋಡೆ ಕಡೆ ತಿರುಗಿ ಮಲಗಿರೋಳು, ಪಾಪ, ಒಂದು ಮಾತಿಲ್ಲ. ನೋವು ಅಂದ್ರೆ ಹಂಗಿರುತ್ತೆ ಅಂದ್ಕೊಂಡಿದ್ದೆ."

"ನಾನು ನಿಮ್ಮಮ್ಮ ಅಲ್ಲ."

"ಅಲ್ಲ. ಅವಳು ಪುಣ್ಯವಂತೆ, ನೀನು ಬಾಯಿಬಡುಕಿ. ಈಗ ಎಲ್ಲಿಗೆ ಹೋಗ್ಬೇಕಪ್ಪಾ ಹುಡುಗಾ, ಕೆಳಗೋ ಮೇಲೋ?"

ಆವತ್ತು ಅವಳು ನನ್ನ ಎಡ ಹೆಗಲು, ಕತ್ತು, ಬೆನ್ನಿನ ಅರ್ಧ ಮುಗಿಸಿದಳು. ನಾನು ಅವಳನ್ನು ಕತ್ತೆ ಅಂದೆ, ಅವಳು ನನ್ನನ್ನು ಅದಕ್ಕಿಂತ ಕೆಟ್ಟದ್ದು ಅಂದಳು, ಹೊರಗಿನ ದನಿ ಮಧ್ಯೆ ಮಧ್ಯೆ ನಿಧಾನ, ಹಗುರ, ಸಾಕು ಅನ್ನುತ್ತಿತ್ತು. ಬಲ ಸೊಂಟಕ್ಕೆ ಬಂದಾಗ ಅವಳಿಗೆ ಧೈರ್ಯ ಹೆಚ್ಚಾಗಿ ಹೆಬ್ಬೆರಳು ಊರಿಬಿಟ್ಟಳು. ಅಲ್ಲಿಗೆ ಪಾಠ ಮುಗಿಯಿತು, ನಾನು ದಿಂಬು ಎಸೆದಿದ್ದೆ.

ಸೋಮವಾರ ಬೆಳಿಗ್ಗೆ ಎದ್ದು ಮೈಯನ್ನು ವಿಚಾರಿಸಿಕೊಂಡೆ. ಎಡಗಡೆ ಪರವಾಗಿಲ್ಲ. ಕತ್ತು ತಿರುಗುತ್ತಿತ್ತು. ಬಲ ಸೊಂಟ ಕೆಂಡ. ನಿದ್ದೆ ಬಂದಿತ್ತು, ಕೋಳಿ ಕೂಗುವ ಮುಂಚೆ ಹೊರಟುಹೋಗಿತ್ತು. ಯಂತ್ರದ ಮುಂದೆ ಕೂತೆ. ಮವಾಂಡಾನ ಕೈಯಿಂದ ಒಂದೂವರೆ ದಿನದ ಆರಾಮ ಸಿಗುತ್ತಿತ್ತು. ಒಲಿವಾಳ ಕೈಯಿಂದ ಸಿಕ್ಕಿದ್ದು ಬೆಳಗಿನ ಚಹಾದವರೆಗೆ. ಅವಳು ಇನ್ನೂ ಕಲಿಯಬಹುದು, ಆದರೆ ಆ ಹುಡುಗನಷ್ಟು ಎಂದೂ ಕಲಿಯುವುದಿಲ್ಲ. ನನಗೆ ನಾನೇ ಸುಳ್ಳು ಹೇಳಿಕೊಳ್ಳಲಿಲ್ಲ. ಮದುವೆಗೆ ಹೂಂ ಅಂದರೆ ಸಾಯುವವರೆಗೆ ಇಷ್ಟೇ.

ರೆಸ್ಟಿ ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತಿದ್ದಳು. ಚಪ್ಪಲಿ ಹಾಕಿಕೊಂಡ ಮೇಲೂ ಹಾಕಿಕೊಳ್ಳುತ್ತಲೇ ಇದ್ದಳು. ಕಿಜಿತೊ ಕಾಫಿ ಒಣಗಿಸುವ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚುತ್ತಾ, ಮಡಚುತ್ತಾ, ಮತ್ತೆ ಬಿಚ್ಚುತ್ತಾ ನನ್ನ ಕಡೆ ನೋಡುತ್ತಿದ್ದ.

"ಏನು ನೋಡ್ತೀರಾ ಇಬ್ರೂ?" ಅಂದೆ. "ಅವನ ಜನಕ್ಕೆ ಹೇಳಿಕಳ್ಸಿ. ಮಳೆ ಮುಗಿದ ಮೇಲೆ ಬರ್ಲಿ. ಮೊದ್ಲೇ ಬಂದು ನನ್ನ ಅಂಗಳ ಕೆಸರು ಮಾಡೋದು ಬೇಡ."

ರೆಸ್ಟಿ ಚೀಲ ಬಿಸಾಕಿ ಓಡಿ ಬಂದು ಮೊಣಕಾಲೂರಿ ನನ್ನನ್ನು ತಬ್ಬಿಕೊಂಡಳು.

"ಬಿಡು! ನೋಯುತ್ತೆ!"

ಬಿಡಲಿಲ್ಲ. ನಾನೂ ಎರಡನೇ ಸಲ ಹೇಳಲಿಲ್ಲ.

ಅವಳು ಹೋದ ಮೇಲೆ ಬಟ್ಟೆ ಕೈಗೆತ್ತಿಕೊಂಡೆ, ಕೆಳಗಿಟ್ಟೆ. ಸೊಂಟಕ್ಕೆ ದಿಂಬು ಇಟ್ಟೆ, ತೆಗೆದೆ. ಎದ್ದು ಬಾಗಿಲವರೆಗೆ ನಡೆದು ದಾರಿ ನೋಡಿದೆ. ಒಲಿವಾ ಇನ್ನು ಬರುವುದು ಭಾನುವಾರ. ಭಾನುವಾರ ಬಹಳ ದೂರ ಇತ್ತು.